ಮೊಳಕಾಲ್ಮೂರಿನ ನೆತ್ತಿಯ ಮೇಲೊಂದು ಗೆರೆ

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ಬಡಗಣಕ್ಕೆ ಹೊರಡಿ. ತಳಕು, ಬಿ.ಜಿ. ಕೆರೆ, ಹಾನಗಲ್, ರಾಂಪುರ. ಎರಡೂ ಬದಿ ಶೇಂಗಾ ಹೊಲ, ಜಾಲಿ, ಬಂಡೆ ಹೊತ್ತ ಬೋಳುಗುಡ್ಡ, ಅಲ್ಲಲ್ಲಿ ಕುರಿಮಂದೆ. ಮೊಳಕಾಲ್ಮೂರು ತಾಲ್ಲೂಕಿನ ಅಂಚು ದಾಟಿದರೂ ಅದೇ ಮಣ್ಣು, ಅದೇ ಕಾಣದ ಮಳೆ, ಆಚೆ ಈಚೆ ಹೆಣ್ಣು ಕೊಟ್ಟು ತಂದ ಅದೇ ನಂಟರು. ಚಿತ್ರದುರ್ಗ ಜಿಲ್ಲೆ ಎಲ್ಲಿ ಮುಗಿಯಿತು, ಬಳ್ಳಾರಿ ಎಲ್ಲಿ ಶುರುವಾಯಿತು ಎಂಬುದನ್ನು ಭೂಪಟ ಹೇಳಬೇಕೇ ಹೊರತು ನೆಲ ಹೇಳುವುದಿಲ್ಲ.

ಈಗ ಕೇಳಿ. ನೆಲಕ್ಕೇ ಗೊತ್ತಿಲ್ಲದ ಈ ಗೆರೆ, ಇಲ್ಲಿಂದ ಪಡುವಣ ಕಡಲಿನವರೆಗೆ ಕರ್ನಾಟಕವನ್ನು ಅಡ್ಡಡ್ಡ ಸೀಳಿಕೊಂಡು ಹೋಗುವ ಈ ಗೆರೆ, ಒಂದು ಕಾಲದಲ್ಲಿ ಸಾವನ್ನು ಅಳೆಯುವ ಅಳತೆಗೋಲಾಗಿತ್ತು! ಗೆರೆಯ ಇಕ್ಕೆಲದ 572 ಹಳ್ಳಿಗಳಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಮನೆಗಳ ಬಾಗಿಲು ತಟ್ಟಿ, ಯಾರು ಕಾಯಿಲೆ ಬಿದ್ದರು, ಎಲ್ಲಿಗೆ ಹೋದರು, ಎಷ್ಟು ಖರ್ಚಾಯಿತು, ಯಾರು ಉಳಿದರು, ಯಾರು ಉಳಿಯಲಿಲ್ಲ ಎಂದು ಕೇಳಿ ಬರೆದುಕೊಂಡ ಸಂಶೋಧನೆಯೊಂದು 2014ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ಅದರ ಅಂಕಿಗಳನ್ನು ಓದುತ್ತ ನನಗೆ ಮೈ ಜುಮ್ಮೆಂದಿತು. ನಮ್ಮ ಕಣ್ಣೆದುರೇ, ನಾವು ದಿನಾ ಬಸ್ಸಿನಲ್ಲಿ ದಾಟುವ ಜಾಗದಲ್ಲೇ ಇಂಥದ್ದೊಂದು ನಡೆದುಹೋಗಿದೆಯಲ್ಲ!

ಕಥೆ ಶುರುವಾಗುವುದು ವಾಜಪೇಯಿ ಆರೋಗ್ಯಶ್ರೀಯಿಂದ. ಬಿಪಿಎಲ್ ಕಾರ್ಡಿನ ಮನೆಯವರಿಗೆ ದೊಡ್ಡಾಸ್ಪತ್ರೆಯ ದೊಡ್ಡ ಚಿಕಿತ್ಸೆಗಳನ್ನು ಉಚಿತವಾಗಿ ಕೊಡಿಸಲು ರಾಜ್ಯ ಸರ್ಕಾರ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ತಂದ ಯೋಜನೆ ಅದು. ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡ, ಸುಟ್ಟಗಾಯ, ಅಪಘಾತದ ಪೆಟ್ಟು, ಎಳೆಗೂಸುಗಳ ಕಾಯಿಲೆ, ಹೀಗೆ ಬೇರೆ ಬೇರೆ ತಜ್ಞ ವಿಭಾಗಗಳ ನೂರಾರು ಚಿಕಿತ್ಸೆಗಳು ಪಟ್ಟಿಯಲ್ಲಿದ್ದವು. ಒಂದು ಮನೆಗೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗೆ. ಕಂತು ಕಟ್ಟಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ, ರೇಷನ್ ಕಾರ್ಡೇ ಸಾಕು. ಯೋಜನೆಗೆ ಸೇರಿದ ಆಸ್ಪತ್ರೆಗಳ ವೈದ್ಯರು ಹಳ್ಳಿಗಾಡಿಗೇ ಬಂದು ಶಿಬಿರ ನಡೆಸಿ, ರೋಗ ಹಿಡಿದು, ಬೇಕಾದವರನ್ನು ಆಸ್ಪತ್ರೆಗೆ ಕಳಿಸಿಕೊಡಬೇಕು. ಆಸ್ಪತ್ರೆಯಲ್ಲಿ ಯಾವ ಕೌಂಟರಿಗೆ ಹೋಗಬೇಕೆಂದು ತೋಚದೆ ನಿಂತವರ ಕೈ ಹಿಡಿಯಲು ಅಲ್ಲೊಬ್ಬ ಆರೋಗ್ಯಮಿತ್ರ.

ಇಡೀ ರಾಜ್ಯಕ್ಕೆ ಒಂದೇ ದಿನ ತರಲಾಗಲಿಲ್ಲ. 2010ರ ಫೆಬ್ರುವರಿಯಲ್ಲಿ ಮೊದಲು ಗುಲ್ಬರ್ಗಾ ವಿಭಾಗ, ಆಮೇಲೆ ಬೆಳಗಾವಿ ವಿಭಾಗ. ಬೆಂಗಳೂರು, ಮೈಸೂರು ವಿಭಾಗಗಳು 2012ರವರೆಗೆ ಕಾಯಬೇಕಾಯಿತು. ಬಳ್ಳಾರಿ ಜಿಲ್ಲೆ ಗುಲ್ಬರ್ಗಾ ವಿಭಾಗದ್ದು, ಚಿತ್ರದುರ್ಗ ಜಿಲ್ಲೆ ಬೆಂಗಳೂರು ವಿಭಾಗದ್ದು. ಹಾಗಾಗಿ ಗೆರೆ ಬಿದ್ದದ್ದು ಮೊಳಕಾಲ್ಮೂರಿನ ನೆತ್ತಿಯ ಮೇಲೆಯೇ!

ಭೂಪಟ ಹರಡಿಕೊಂಡು ನೋಡಿದರೆ ಇನ್ನೊಂದು ಬೆರಗು ಕಾದಿದೆ. ಮೊಳಕಾಲ್ಮೂರಿನ ಬಡಗಣಕ್ಕೆ ಸಂಡೂರು, ಪಡುವಣಕ್ಕೆ ಕೂಡ್ಲಿಗಿ, ಎರಡೂ ಆಗ ಬಳ್ಳಾರಿ ಜಿಲ್ಲೆ, ಎರಡಕ್ಕೂ ಯೋಜನೆ ಬಂದಾಗಿತ್ತು. ಮೂಡಣಕ್ಕೆ ರಾಯದುರ್ಗ, ಆಂಧ್ರದ ಅನಂತಪುರ ಜಿಲ್ಲೆ. ಅಲ್ಲಿ? ರಾಜೀವ್ ಆರೋಗ್ಯಶ್ರೀ ಎಂಬ ಯೋಜನೆಯನ್ನು ಆಂಧ್ರ ಸರ್ಕಾರ 2007ರ ಏಪ್ರಿಲ್ 1ರಂದು ಪ್ರಯೋಗಕ್ಕೆಂದು ಆರಿಸಿಕೊಂಡ ಮೂರೇ ಮೂರು ಜಿಲ್ಲೆಗಳಲ್ಲಿ ಅನಂತಪುರವೂ ಒಂದು! ಅಂದರೆ 2010ರಿಂದ ಎರಡು ವರ್ಷ, ಮೂರು ದಿಕ್ಕಿನ ನೆರೆಯವರಿಗೂ ಎದೆಯ ಆಪರೇಷನ್ ಉಚಿತ. ನಡುವೆ ಬಡಗಣಕ್ಕೆ ಚಾಚಿಕೊಂಡು ನಿಂತ ಈ ಸಣ್ಣ ತಾಲ್ಲೂಕಿನ ಬಡವರಿಗೆ, ಅವರ ಬೆನ್ನಿಗಿದ್ದ ಚಳ್ಳಕೆರೆಯವರಿಗೆ ಅದಿಲ್ಲ. ಸಹಕಾರ ಸಂಘದ ಸದಸ್ಯರಿಗೆ 2003ರಿಂದ ಯಶಸ್ವಿನಿ ಇತ್ತು, ನಿಜ. ಆದರೆ ಅದಕ್ಕೆ ಸದಸ್ಯರಾಗಿರಬೇಕು, ವಂತಿಗೆ ಕಟ್ಟಿರಬೇಕು. ಕೂಲಿಯವರು, ಕುರಿ ಹಿಂದೆ ಊರೂರು ತಿರುಗುವವರು ಅದರಲ್ಲಿ ಎಷ್ಟು ಮಂದಿ ಇದ್ದಾರು?

ಈ ಗೆರೆ ಎಳೆದವರಾದರೂ ಯಾರು? ಆರೋಗ್ಯ ಇಲಾಖೆ ಅಲ್ಲವೇ ಅಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವವರೆಗೂ ಇಲ್ಲಿ ಇದು ರಾಜ್ಯದ ಗಡಿಯಾಗಿತ್ತು. ಈಚೆ ಮೈಸೂರು, ಆಚೆ ಮದರಾಸು. (ಸಂಡೂರು ಮಾತ್ರ ಘೋರ್ಪಡೆಯವರ ಪುಟ್ಟ ಸಂಸ್ಥಾನ, 1949ರವರೆಗೆ.) ಕುಂಪಣಿಯ ಕಾಲದ ಸರಹದ್ದು ಆಮೇಲೆ ಜಿಲ್ಲೆಯ ಗಡಿಯಾಗಿ ಉಳಿದು, ವಿಭಾಗದ ಗಡಿಯೂ ಆಗಿ, ಕೊನೆಗೆ ಇಪ್ಪತ್ತೊಂದನೆಯ ಶತಮಾನದಲ್ಲಿ ಯಾರಿಗೆ ಸ್ಟೆಂಟ್ ಸಿಗುತ್ತದೆ ಎಂಬುದನ್ನು ತೀರ್ಮಾನಿಸುವ ಗೆರೆಯಾಯಿತು! ಇದೇ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಸುವರ್ಣಗಿರಿಯ ರಾಜಕುಮಾರ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆ ಓಲೆ ಧರ್ಮದ ಮಾತಿಗೆ ಮೊದಲು ಶುರುವಾಗುವುದೇ ಅವರ ಆರೋಗ್ಯ ಹಾರೈಸಿ. ಇಂಥ ನೆಲದಲ್ಲಿ ನಿಂತು ಈ ಸಂಶೋಧನೆಯನ್ನು ಓದುವುದೆಂದರೆ ಎರಡು ಸಾವಿರ ವರ್ಷಕ್ಕೂ ಹಿಂದಿನ ದನಿಯೊಂದು ಪಕ್ಕದಲ್ಲೇ ಕೇಳಿದಂತಾಗುತ್ತದೆ.

ಈಗ ಸಂಶೋಧನೆಯ ಜಾಣ್ಮೆಗೆ ಬರುತ್ತೇನೆ. ಯಾವ ಚಿಕಿತ್ಸೆ ಎಷ್ಟು ಜೀವ ಉಳಿಸಿತು ಎಂದು ಅಳೆಯುವುದು ಹೇಗೆ? ಔಷಧಿಯಾದರೆ ಚೀಟಿ ಎತ್ತಿ ಅರ್ಧ ಜನಕ್ಕೆ ಕೊಟ್ಟು, ಅರ್ಧ ಜನಕ್ಕೆ ಕೊಡದೆ ನೋಡಬಹುದು. ಆದರೆ ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಇಷ್ಟೂ ವಿಭಾಗಗಳ ಬಾಗಿಲನ್ನು ಒಬ್ಬ ಬಡವನಿಗೆ ತೆರೆದು ಪಕ್ಕದವನಿಗೆ ಮುಚ್ಚುವುದು ಯಾವ ವೈದ್ಯನಿಂದಾದೀತು? ಯಾರೂ ಮಾಡಬಾರದ ಆ ಪ್ರಯೋಗವನ್ನು ಸರ್ಕಾರದ ಹಂತ ಹಂತದ ಜಾರಿ ತಾನಾಗಿಯೇ ಮಾಡಿಟ್ಟಿತ್ತು. ಪಾಸಿಗೆ 35 ಬೇಕಿದ್ದ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 34 ಬಂದವನಿಗೂ 35 ಬಂದವನಿಗೂ ಬುದ್ಧಿಯಲ್ಲಿ ಏನು ದೊಡ್ಡ ವ್ಯತ್ಯಾಸ? ಆದರೆ ಒಬ್ಬ ಫೇಲು, ಒಬ್ಬ ಪಾಸು. ಆಮೇಲೆ ಇಬ್ಬರ ಬದುಕೂ ಬೇರೆಯಾದರೆ ಅದು ಆ ಫಲಿತಾಂಶದ ಕೆಲಸ ಎನ್ನಬಹುದು. ಅಮೆರಿಕದ ಥಿಸಲ್‌ತ್ವೈಟ್ ಮತ್ತು ಕ್ಯಾಂಪ್‌ಬೆಲ್ ಎಂಬಿಬ್ಬರು ವಿದ್ವಾಂಸರು 1960ರಲ್ಲಿ ವಿದ್ಯಾರ್ಥಿವೇತನದ ವಿಚಾರದಲ್ಲಿ ಹೂಡಿದ ತರ್ಕ ಇದೇ. ಅಂಕಪಟ್ಟಿಯ ಬದಲು ಭೂಪಟ ಇಟ್ಟುಕೊಳ್ಳಿ, ಅಷ್ಟೇ!

ನೀರಜ್ ಸೂದ್, ಎರಾನ್ ಬೆಂಡೇವಿಡ್, ಬೆಂಗಳೂರಿನ ಐಐಎಂನ ಅರ್ನಬ್ ಮುಖರ್ಜಿ ಮೊದಲಾದವರ ತಂಡ ಆ ಗೆರೆಯನ್ನು ಹಿಡಿಯಿತು. ಯೋಜನೆ ಇದ್ದ ಕಡೆ 300 ಹಳ್ಳಿ, ಪಕ್ಕದಲ್ಲೇ ಯೋಜನೆ ಇಲ್ಲದ, ಆದರೆ ಉಳಿದೆಲ್ಲದರಲ್ಲೂ ಹೋಲುವ 272 ಹಳ್ಳಿ. ಆಚೆ 31,476 ಮನೆ, ಈಚೆ 28,633. ಯೋಜನೆ ವಾಸಿ ಮಾಡಬಹುದಾದ ಕಾಯಿಲೆಗಳಿಂದ, ಅಂದರೆ ಬಹುಪಾಲು ಹೃದ್ರೋಗ ಮತ್ತು ಕ್ಯಾನ್ಸರಿನಿಂದ, ಆದ ಸಾವುಗಳನ್ನು ಬೇರೆ ತೆಗೆದು ನೋಡಿದರು.

ಗೆರೆಯ ತೆಂಕಣ ಬದಿಯ, ಯೋಜನೆ ಇಲ್ಲದ ಬಿಪಿಎಲ್ ಮನೆಗಳಲ್ಲಿ ಅಂಥ ಸಾವಿನ ಪ್ರಮಾಣ ಶೇ 0.90. ಬಡಗಣ ಬದಿಯಲ್ಲಿ ಶೇ 0.32.

ಇನ್ನೊಮ್ಮೆ ಓದಿ. ಈಚೆ ಸಾವಿರಕ್ಕೆ ಒಂಬತ್ತು, ಆಚೆ ಮೂರು ಚಿಲ್ಲರೆ. ಅದೇ ಬಿಸಿಲು, ಅದೇ ರಾಗಿ ಜೋಳ, ಅದೇ ಬೀಡಿ, ಅದೇ ಬಡತನ. ನಡುವೆ ಒಂದು ಆಡಳಿತದ ಗೆರೆ!

ಹಾಗಂತ ಕುಣಿದಾಡುವ ಮೊದಲು ಅನುಮಾನ ಪಡಲೇಬೇಕು. ಆಚೆಯ ನೀರು ಚೆನ್ನಾಗಿತ್ತೇನೋ? ಅಲ್ಲಿನ ಡಾಕ್ಟರು ಒಳ್ಳೆಯವರೇನೋ? ರಸ್ತೆ, ಬಸ್ಸು, ಇನ್ನೇನೋ ಇದ್ದೀತು? ಇದಕ್ಕೆ ಉತ್ತರ ಕೊಡುವುದು ಎರಡನೆಯ ಗೆರೆ, ರೇಷನ್ ಕಾರ್ಡಿನೊಳಗಿನ ಗೆರೆ. ಎಪಿಎಲ್ ಮನೆಗಳೂ ಅದೇ ಹಳ್ಳಿಗಳಲ್ಲಿದ್ದವು, ಅದೇ ನೀರು ಕುಡಿಯುತ್ತಿದ್ದವು, ಅದೇ ಬಸ್ಸು ಹತ್ತುತ್ತಿದ್ದವು. ಅವರಿಗೆ ಮಾತ್ರ ಎರಡೂ ಕಡೆ ಯೋಜನೆ ಇರಲಿಲ್ಲ. ಅವರಲ್ಲಿ ಸಾವಿನ ಪ್ರಮಾಣ? ಒಂದು ಕಡೆ ಶೇ 0.56, ಇನ್ನೊಂದು ಕಡೆ ಶೇ 0.55. ಹೆಚ್ಚೂ ಕಡಿಮೆ ಒಂದೇ! ಗೆರೆ ಅವರ ಮನೆಗಳ ಮೇಲೂ ಹಾದುಹೋಗಿತ್ತು, ಆದರೆ ಅವರ ಪಾಲಿಗೆ ಅದು ಬರೀ ಗೆರೆ. ಸಂಶೋಧನೆಯಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಈ ಎರಡು ಅಂಕಿಗಳೇ. ಬದಲಾಗದೆ ನಿಂತ ಅಂಕಿಯೊಂದು ಬದಲಾದ ಅಂಕಿಯ ಪರವಾಗಿ ಇಷ್ಟು ಗಟ್ಟಿಯಾಗಿ ಸಾಕ್ಷಿ ಹೇಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅನುಮಾನಕ್ಕೆ ಇನ್ನೂ ಜಾಗವಿದೆ, ಅದನ್ನೂ ಹೇಳಬೇಕು. ಸಾವಿನ ಕಾರಣ ಗೊತ್ತಾದದ್ದು ಮನೆಯವರ ಬಾಯಿಂದ, ಆಸ್ಪತ್ರೆಯ ಕಡತದಿಂದಲ್ಲ. ಆಸ್ಪತ್ರೆಗೆ ಹೋದವರ ಸಂಖ್ಯೆ ಬಡಗಣದಲ್ಲಿ ಶೇ 44ರಷ್ಟು ಹೆಚ್ಚಿದ್ದಂತೆ ಕಂಡರೂ, ಅದು ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳಲು ಲೆಕ್ಕ ಕೂದಲೆಳೆಯಷ್ಟು ಕಡಿಮೆ ಬಿತ್ತು. ಸಂಶೋಧಕರು ಅದನ್ನು ಮುಚ್ಚಿಡದೆ ಹಾಗೆಯೇ ಬರೆದರು. ಅದಕ್ಕೇ ಅವರ ಉಳಿದ ಅಂಕಿಗಳ ಮೇಲೂ ನನಗೆ ನಂಬಿಕೆ. ಸಾವಿನ ಇಳಿಕೆ ಅವರು ಕಂಡಷ್ಟೇ ದೊಡ್ಡದಿರಬೇಕೆಂದೇನೂ ಇಲ್ಲ. ಅರ್ಧಕ್ಕಿಳಿಸಿದರೂ ಅದು ಬೆಟ್ಟದಷ್ಟು.

ಹೊರಜಗತ್ತಿನ ಪಕ್ಕದಲ್ಲಿಟ್ಟು ನೋಡಿದರಂತೂ ಬೆರಗು ಇಮ್ಮಡಿಸುತ್ತದೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 2008ರಲ್ಲಿ ಬಡವರಿಗೆ ಲಾಟರಿ ಎತ್ತಿ ಆರೋಗ್ಯ ವಿಮೆ ಕೊಟ್ಟರು. ಜಗತ್ಪ್ರಸಿದ್ಧವಾದ ಆ ಅಧ್ಯಯನದ ಫಲ 2013ರಲ್ಲಿ ಹೊರಬಂದಾಗ ಖರ್ಚಿನ ಹೊರೆ ಇಳಿದಿತ್ತು, ಖಿನ್ನತೆ ಕಡಿಮೆಯಾಗಿತ್ತು, ಆದರೆ ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಸಿರಿವಂತ ನಾಡಿನಲ್ಲಿ ಕಾಣದ್ದು ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಏಕೆ ಕಂಡಿತು? ನನಗೆ ತೋಚುವ ಉತ್ತರ ಇದು: ಅಲ್ಲಿ ವಿಮೆ ಇಲ್ಲದವನೂ ಎದೆ ಹಿಡಿದುಕೊಂಡು ತುರ್ತು ವಿಭಾಗಕ್ಕೆ ಹೋದರೆ ಒಳಗೆ ಕರೆದುಕೊಳ್ಳಲೇಬೇಕು. ಇಲ್ಲಿ ಜೇಬು ನೋಡಿಕೊಂಡೇ ಎದೆನೋವಿಗೆ ಹೆಸರಿಡುತ್ತೇವೆ. “ಗ್ಯಾಸ್ಟ್ರಿಕ್ ಇರಬೇಕು ಬಿಡು, ಸೋಡಾ ಕುಡಿ” ಎಂಬ ಮಾತು ಯಾರ ಮನೆಯಲ್ಲಿ ಕೇಳಿಲ್ಲ? ಅದು ಅಜ್ಞಾನದ ಮಾತಲ್ಲ. ಜಯದೇವ ಆಸ್ಪತ್ರೆ ಇರುವ ಬೆಂಗಳೂರು ಚಳ್ಳಕೆರೆಯಿಂದಲೇ ಇನ್ನೂರು ಕಿಲೋಮೀಟರ್ ಆಸುಪಾಸು. ಕ್ಯಾನ್ಸರ್ ಎಂದರೆ ಕಿದ್ವಾಯಿ, ಅದೂ ಅಲ್ಲೇ. ಹೋಗಿಬರುವ ಖರ್ಚು, ಜೊತೆಗೆ ಬರುವವನ ಕೂಲಿ ನಷ್ಟ, ಅಡವಿಟ್ಟ ಒಡವೆ, ಮಾರಬೇಕಾದ ಕುರಿ, ಇಷ್ಟನ್ನೂ ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದ ಮೇಲೆ ಬರುವ ಮಾತು ಅದು.

ಆ ಲೆಕ್ಕವನ್ನೂ ಸಂಶೋಧನೆ ಅಳೆದಿದೆ. ಯೋಜನೆ ಇದ್ದ ಕಡೆ ಇಂಥ ಆಸ್ಪತ್ರೆವಾಸಕ್ಕೆ ಜನ ಕೈಯಿಂದ ಹಾಕಿದ ದುಡ್ಡು ಶೇ 64ರಷ್ಟು ಇಳಿದಿತ್ತು!

ಇಲ್ಲಿಗೇ ಮುಗಿಯಿತೆಂದುಕೊಂಡಿದ್ದೆ. ಇಲ್ಲ, ಇದೇ ಗೆರೆಯ ಮೇಲೆ ಸೂದ್ ಮತ್ತು ಜಕಾರಿ ವ್ಯಾಗ್ನರ್ 2016ರಲ್ಲಿ ಇನ್ನೊಂದು ಪ್ರಬಂಧ ಬರೆದರು. ಈ ಬಾರಿ ಅವರು ಕೇಳಿದ್ದು ಬದುಕಿ ಮನೆಗೆ ಬಂದವರ ಕಥೆ. ಆಪರೇಷನ್ ಆದಮೇಲೆ ಹೊಲಿಗೆ ಕೀವಾಯಿತೇ? ಮತ್ತೆ ಆಸ್ಪತ್ರೆ ಸೇರಬೇಕಾಯಿತೇ? ತಾವಾಗಿ ಸ್ನಾನ ಮಾಡಿ, ಬಟ್ಟೆ ಹಾಕಿಕೊಂಡು, ನೋವಿಲ್ಲದೆ ಓಡಾಡಿದರೇ? ಅಲ್ಲಿಯೂ ಯೋಜನೆಯ ಬದಿಯವರದೇ ಮೇಲುಗೈ: ಸೋಂಕು ಕಡಿಮೆ, ಮರಳಿ ಆಸ್ಪತ್ರೆ ಸೇರಿದವರು ಕಡಿಮೆ. ಮತ್ತೆ, ಕೇಳಿ ಇದನ್ನು, ಕಾಯಿಲೆಯ ಸುಳಿವು ಕಂಡೊಡನೆ ವೈದ್ಯರ ಬಳಿ ಹೋದವರೂ ಆ ಬದಿಯಲ್ಲೇ ಹೆಚ್ಚು. ಉಚಿತ ಸಿಕ್ಕಿದ್ದು ದೊಡ್ಡಾಸ್ಪತ್ರೆಯ ಚಿಕಿತ್ಸೆ ಮಾತ್ರ. ಆದರೆ ಕೊನೆಗೆ ದಾರಿಯಿದೆ ಎಂದು ಗೊತ್ತಾದ ಮನುಷ್ಯ ಮೊದಲ ಹೆಜ್ಜೆಯನ್ನೂ ಬೇಗ ಇಟ್ಟಿದ್ದ!

2012ರಲ್ಲಿ ಯೋಜನೆ ತೆಂಕಣಕ್ಕೂ ಬಂತು. ಚಳ್ಳಕೆರೆ, ಮೊಳಕಾಲ್ಮೂರಿನ ಕಾರ್ಡುಗಳಿಗೂ ಬೆಲೆ ಬಂತು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಬೆರೆತು, ಅದೇ ವರ್ಷ ಆಯುಷ್ಮಾನ್ ಭಾರತದ ಜೊತೆ ಸೇರಿ, ಬಿಪಿಎಲ್ ಮನೆಗೆ ವರ್ಷಕ್ಕೆ ಐದು ಲಕ್ಷದವರೆಗೆ ಎಂದಾಯಿತು. ಬಡಗಣದ ಗೆರೆ ಚಿಕಿತ್ಸೆಯ ಮಟ್ಟಿಗೆ ಅಳಿಸಿಹೋಯಿತು. ಅಳಿಸಿದ್ದು ಒಳ್ಳೆಯದೇ ಆಯಿತು. ಅಳತೆಗೋಲು ಹೋಯಿತೆಂದು ಯಾರೂ ಮರುಗಬೇಕಿಲ್ಲ.

ಮೂಡಣದ ಗೆರೆ ಮಾತ್ರ ಇನ್ನೂ ಇದೆ. ಮೊಳಕಾಲ್ಮೂರು ಒಂದು ಕಡೆ, ರಾಯದುರ್ಗ ಇನ್ನೊಂದು ಕಡೆ. ಚಳ್ಳಕೆರೆಯ ಮೂಡಣ ಹಳ್ಳಿಗಳು ಒಂದು ಕಡೆ, ಕಲ್ಯಾಣದುರ್ಗದ ಸೀಮೆ ಇನ್ನೊಂದು ಕಡೆ. ಕನ್ನಡ ತೆಲುಗು ಎರಡೂ ಆಡುವ ಮನೆಗಳು, ಎರಡು ರಾಜ್ಯದ ಎರಡು ಯೋಜನೆಗಳು, ಎರಡು ಪಟ್ಟಿಗಳು, ಎರಡು ದರಗಳು. ಯಾವ ಕಡೆ ಡಯಾಲಿಸಿಸ್ ರೋಗಿ ಹೆಚ್ಚು ದಿನ ಬಾಳುತ್ತಾನೆ? ಯಾವ ಕಡೆ ಸ್ತನ ಕ್ಯಾನ್ಸರ್ ಬೇಗ ಪತ್ತೆಯಾಗುತ್ತದೆ? ಯಾವ ಕಡೆ ತಲೆಗೆ ಪೆಟ್ಟು ಬಿದ್ದ ಹುಡುಗ ಮತ್ತೆ ಎದ್ದು ಕೆಲಸಕ್ಕೆ ಹೋಗುತ್ತಾನೆ? ಚಿತ್ರದುರ್ಗ, ದಾವಣಗೆರೆ, ಬಳ್ಳಾರಿಯ ಮೆಡಿಕಲ್ ಕಾಲೇಜುಗಳಲ್ಲಿ ಇಂದು ಎಂ.ಡಿ. ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ಹುಡುಗ ಹುಡುಗಿಯರೇ, ಒಂದು ಬೆಳಿಗ್ಗೆ ರಾಯದುರ್ಗದ ಬಸ್ಸು ಹತ್ತಿ ನೋಡಿ.