ಕಂಬ ಹತ್ತಿದರೆ ಸಾಕೆ?

ಕೆಪಿಟಿಸಿಎಲ್ ಮತ್ತು ಎಸ್ಕಾಂಗಳಲ್ಲಿ ಕಿರಿಯ ಪವರ್‌ಮ್ಯಾನ್ ಆಗಬೇಕೆಂದರೆ ಎಂಟು ಮೀಟರ್ ಎತ್ತರದ ವಿದ್ಯುತ್ ಕಂಬ ಹತ್ತಿ ತೋರಿಸಬೇಕು. 'ಸಹನ ಶಕ್ತಿ ಪರೀಕ್ಷೆ' ಎಂದು ಅಧಿಸೂಚನೆ ಕರೆಯುವ ಈ ಸುತ್ತಿನಲ್ಲಿ ನೂರು ಮೀಟರ್ ಓಟ, ಎಂಟುನೂರು ಮೀಟರ್ ಓಟ, ಸ್ಕಿಪ್ಪಿಂಗ್, ಗುಂಡು ಎಸೆತ ಎಲ್ಲ ಇವೆ. ಕಂಬ ಹತ್ತುವುದು ಮಾತ್ರ ಕಡ್ಡಾಯ. 2024ರ ಅಧಿಸೂಚನೆ ಬಂದಾಗ ಯೂಟ್ಯೂಬಿನಲ್ಲಿ ಕಂಬ ಹತ್ತುವ ಪಾಠಗಳೇ ಹುಟ್ಟಿಕೊಂಡವು.

ಆದರೆ ಕಂಬದ ಹತ್ತಿರ ಹೋಗಲು ಯಾರಿಗೆ ಕರೆ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಎಸ್ಸೆಸ್ಸೆಲ್ಸಿ ಅಂಕ. ಹದಿನಾರನೇ ವಯಸ್ಸಿನಲ್ಲಿ ಸಮಾಜ ವಿಜ್ಞಾನದಲ್ಲಿ ಎಷ್ಟು ಬಂತು, ಹಿಂದಿಯಲ್ಲಿ ಎಷ್ಟು ಬಂತು ಎಂಬುದು ಇಪ್ಪತ್ತೈದನೇ ವಯಸ್ಸಿನಲ್ಲಿ ತಂತಿ ಕಟ್ಟುವ ಕೆಲಸದ ಬಾಗಿಲು ಕಾಯುತ್ತದೆ. ಒಂದೇ ನೇಮಕಾತಿಯೊಳಗೆ ಎರಡು ಬಗೆಯ ಯೋಚನೆ ಒಂದರ ಪಕ್ಕ ಒಂದು ಕೂತಿವೆ: ಕೆಲಸ ಮಾಡಿ ತೋರಿಸು ಎನ್ನುವುದು ಒಂದು, ಅಂಕಪಟ್ಟಿ ತೋರಿಸು ಎನ್ನುವುದು ಇನ್ನೊಂದು. ಮಾನವ ಸಂಪನ್ಮೂಲ ವಿಭಾಗದವರು 'ಕಾಂಪಿಟೆನ್ಸಿ' ಎಂದು ಮಾತುಮಾತಿಗೆ ಹೇಳುವ ವಿಚಾರದ ಇಡೀ ಇತಿಹಾಸ ಈ ಎರಡರ ನಡುವಿನ ಜಗಳವೇ.

ಜಗಳ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಒಂದು ವಿದ್ಯುತ್ ಕಂಪನಿಯಿಂದಲೇ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಡ್ಯೂಕ್ ಪವರ್ ಕಂಪನಿಗೆ ಡ್ಯಾನ್ ರಿವರ್ ಎಂಬಲ್ಲಿ ಕಲ್ಲಿದ್ದಲಿನ ಸ್ಥಾವರವಿತ್ತು. ಅಲ್ಲಿ ಕಪ್ಪು ಜನರಿಗೆ ಸಿಗುತ್ತಿದ್ದುದು ಕೂಲಿ ವಿಭಾಗದ ಕೆಲಸ ಮಾತ್ರ. ಆ ವಿಭಾಗದ ಅತಿ ಹೆಚ್ಚಿನ ಸಂಬಳವೂ ಉಳಿದ ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತ ಕೆಳಗಿತ್ತು. 1965ರ ಜುಲೈ 2ರಂದು, ಉದ್ಯೋಗದಲ್ಲಿ ಭೇದ ಮಾಡಬಾರದೆಂಬ ಕಾನೂನು ಜಾರಿಗೆ ಬಂದ ದಿನವೇ, ಕಂಪನಿ ಮೇಲಿನ ವಿಭಾಗಗಳಿಗೆ ಸೇರಲು ಎರಡು ಲಿಖಿತ ಪರೀಕ್ಷೆಗಳನ್ನು ತಂದಿತು. ಹೈಸ್ಕೂಲ್ ಪ್ರಮಾಣಪತ್ರದ ಷರತ್ತು 1955ರಿಂದಲೇ ಇತ್ತು. ತಮಾಷೆಯೆಂದರೆ, ಆ ಷರತ್ತಿಗೆ ಮೊದಲೇ ಸೇರಿದ್ದ, ಹೈಸ್ಕೂಲ್ ಮುಗಿಸದ ಬಿಳಿಯರು ಅವೇ ವಿಭಾಗಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡಿಕೊಂಡಿದ್ದರು. ವಿಲ್ಲಿ ಗ್ರಿಗ್ಸ್ ಮತ್ತು ಹನ್ನೆರಡು ಜನ ದಾವೆ ಹೂಡಿದರು. 1971ರ ಮಾರ್ಚ್ 8ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರ ನಿಂತಿತು. ಪರೀಕ್ಷೆ ಇಡುವುದಾದರೆ ಅದು ಆ ಕೆಲಸಕ್ಕೆ ಆ ಮನುಷ್ಯ ಸರಿಯೇ ಎಂದು ಅಳೆಯಬೇಕು, ಮನುಷ್ಯನನ್ನು ಸುಮ್ಮನೆ ಅಳೆದು ಬದಿಗಿಡುವುದಕ್ಕಲ್ಲ ಎಂಬುದು ತೀರ್ಪಿನ ತಿರುಳು.

ಎರಡು ವರ್ಷದ ಬಳಿಕ, 1973ರಲ್ಲಿ, ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮ್ಯಾಕ್‌ಕ್ಲೆಲೆಂಡ್ ಅದೇ ಮಾತನ್ನು ತಮ್ಮ ಶಾಸ್ತ್ರದೊಳಗಿನಿಂದ ಹೇಳಿದರು. ಕಾರು ಓಡಿಸಲು ಬರುತ್ತದೆಯೇ ಎಂದು ತಿಳಿಯಬೇಕಾದರೆ ಓಡಿಸಲು ಹೇಳಿ, ಬುದ್ಧಿಮತ್ತೆಯ ಪ್ರಶ್ನೆಪತ್ರಿಕೆ ಕೊಡಬೇಡಿ. ಒಳ್ಳೆಯ ಪೊಲೀಸ್ ಬೇಕಾದರೆ ಪೊಲೀಸ್ ದಿನವಿಡೀ ಏನು ಮಾಡುತ್ತಾನೆಂದು ಅವನ ಹಿಂದೆ ತಿರುಗಿ ನೋಡಿ, ಆಮೇಲೆ ಪರೀಕ್ಷೆ ತಯಾರಿಸಿ ಎಂದರು. ಈ ಮ್ಯಾಕ್‌ಕ್ಲೆಲೆಂಡ್ ನಮ್ಮ ಕಡೆಗೆ ತೀರಾ ಅಪರಿಚಿತರೇನಲ್ಲ. ಅರವತ್ತರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಸಾಧನೆಯ ಹಂಬಲ ಬೆಳೆಸುವ ತರಬೇತಿ ಕೊಡಿಸಿ ನೋಡಿದವರು ಅವರೇ.

ಅವರ ಕೈಗೆ ಬಂದ ದೊಡ್ಡ ಪ್ರಯೋಗ ಅಮೆರಿಕದ ವಿದೇಶಾಂಗ ಇಲಾಖೆಯದು. ಹೊರದೇಶಗಳಲ್ಲಿ ಗ್ರಂಥಾಲಯ, ಸಾಂಸ್ಕೃತಿಕ ಕಾರ್ಯಕ್ರಮ ನೋಡಿಕೊಳ್ಳುವ ಮಾಹಿತಿ ಅಧಿಕಾರಿಗಳನ್ನು ಅಮೆರಿಕದ ಇತಿಹಾಸ, ಇಂಗ್ಲಿಷ್ ಬಳಕೆ, ಅರ್ಥಶಾಸ್ತ್ರಗಳ ಕಠಿಣ ಪರೀಕ್ಷೆಯಿಂದ ಆರಿಸುತ್ತಿದ್ದರು. ಪರೀಕ್ಷೆಯ ಅಂಕಕ್ಕೂ ಮುಂದೆ ಅವರು ಮಾಡಿದ ಕೆಲಸಕ್ಕೂ ಸಂಬಂಧವೇ ಕಾಣಲಿಲ್ಲ. ಮ್ಯಾಕ್‌ಕ್ಲೆಲೆಂಡ್ ತಂಡ, ಎಲ್ಲರೂ ಹೊಗಳುವ ಅಧಿಕಾರಿಗಳ ಒಂದು ಗುಂಪನ್ನೂ ಹೇಗೋ ಕೆಲಸ ತೂಗಿಸಿಕೊಂಡು ಹೋಗುವವರ ಇನ್ನೊಂದು ಗುಂಪನ್ನೂ ಗುರುತಿಸಿತು. ಪ್ರತಿಯೊಬ್ಬರನ್ನೂ ಕೂರಿಸಿಕೊಂಡು, ನಿಮ್ಮ ಕೆಲಸದಲ್ಲಿ ಗೆದ್ದ ಮೂರು ಸಂದರ್ಭ, ಸೋತ ಮೂರು ಸಂದರ್ಭ ಹೇಳಿ ಎಂದು ಕೇಳಿತು. ಅಭಿಪ್ರಾಯ ಬೇಡ, ಅಂದು ಯಾರು ಏನು ಹೇಳಿದರು, ನೀವೇನು ಯೋಚಿಸಿದಿರಿ, ಏನು ಮಾಡಿದಿರಿ ಅಷ್ಟನ್ನೇ.

ಆಗ ಬಂದ ಕಥೆಗಳಲ್ಲಿ ಒಂದು ಇಂದಿಗೂ ಈ ಕ್ಷೇತ್ರದವರ ಬಾಯಲ್ಲಿದೆ. ಉತ್ತರ ಆಫ್ರಿಕಾದ ದೇಶವೊಂದರಲ್ಲಿದ್ದ ಅಧಿಕಾರಿಗೆ ವಾಷಿಂಗ್ಟನ್ನಿನಿಂದ ಒಂದು ಸಿನಿಮಾ ತೋರಿಸುವಂತೆ ಆದೇಶ ಬಂತು. ಅದರಲ್ಲಿದ್ದ ರಾಜಕಾರಣಿಯನ್ನು ಕಂಡರೆ ಅಲ್ಲಿಯವರಿಗೆ ಆಗದು. ತೋರಿಸಿದರೆ ಮಾರನೆಯ ದಿನ ವಿದ್ಯಾರ್ಥಿಗಳು ಬಂದು ಕಟ್ಟಡಕ್ಕೆ ಬೆಂಕಿ ಹಚ್ಚುತ್ತಾರೆಂದು ಅವನಿಗೆ ಗೊತ್ತಿತ್ತು, ತೋರಿಸದಿದ್ದರೆ ಮೇಲಿನವರು ಬಿಡುವುದಿಲ್ಲ. ಅವನು ಯಾರೂ ಮನೆ ಬಿಟ್ಟು ಬರದ ಒಂದು ಧಾರ್ಮಿಕ ಹಬ್ಬದ ದಿನ ಪ್ರದರ್ಶನ ಇಟ್ಟ. ಆದೇಶವೂ ಪಾಲನೆಯಾಯಿತು, ಗಾಜೂ ಒಡೆಯಲಿಲ್ಲ. ನಮ್ಮ ಯಾವುದೇ ತಾಲ್ಲೂಕು ಕಚೇರಿಯ ಹಳೆಯ ಶಿರಸ್ತೇದಾರರು ಈ ಕಥೆ ಕೇಳಿದರೆ ಮೀಸೆಯಡಿ ನಕ್ಕಾರು. ಆದರೆ ಅರ್ಥಶಾಸ್ತ್ರದ ಯಾವ ಪ್ರಶ್ನೆಪತ್ರಿಕೆಯೂ ಈ ಗುಣವನ್ನು ಹಿಡಿಯದು. ಬೇರೆ ಸಂಸ್ಕೃತಿಯ ಜನರ ಮನಸ್ಸು ಓದುವುದು, ಎದುರಿನವರಲ್ಲಿ ಒಳ್ಳೆಯದನ್ನು ನಿರೀಕ್ಷಿಸುವುದು, ಊರಿನಲ್ಲಿ ಯಾರ ಮಾತು ನಡೆಯುತ್ತದೆಂದು ಬೇಗ ತಿಳಿದುಕೊಳ್ಳುವುದು: ಎರಡು ಗುಂಪುಗಳನ್ನು ಬೇರ್ಪಡಿಸಿದ ಗುಣಗಳು ಇವು.

ಇದೇ ಪ್ರಶ್ನೆಯನ್ನು ನಮ್ಮ ಲೈನ್‌ಮನ್‌ಗಳಿಗೆ ಕೇಳಿದರೆ ಏನು ಬಂದೀತು? ಆಷಾಢದ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಮಲೆನಾಡಿನ ಒಂದು ಊರು, ಮರ ಬಿದ್ದು 11 ಕೆವಿ ತಂತಿ ಹರಿದಿದೆ. ಇಲ್ಲಿ ಕಂಬ ಹತ್ತುವುದು ಕೊನೆಯ ಕೆಲಸ. ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳಬೇಕು. ಮಳೆಯ ಸದ್ದಿನಲ್ಲಿ ಆಪರೇಟರ್ ಹೇಳಿದ ಫೀಡರಿನ ಹೆಸರನ್ನು ತಿರುಗಿ ಹೇಳಿ ಖಚಿತ ಮಾಡಿಕೊಳ್ಳಬೇಕು. ಒಂದೇ ಕಂಬದ ಮೇಲೆ ಎರಡು ಫೀಡರ್ ಹಾದುಹೋಗುವ ಜಾಗದಲ್ಲಿ ಹೆಸರು ಅದಲುಬದಲಾದರೆ ಮುಗಿಯಿತು. ಆಮೇಲೆ ಸ್ಥಳದ ಸ್ವಿಚ್ ತೆರೆದು, ತಂತಿಯಲ್ಲಿ ಕರೆಂಟ್ ಇಲ್ಲವೆಂದು ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ಮಾಡಬೇಕು. ಸಬ್‌ಸ್ಟೇಷನ್ನಿನಲ್ಲಿ ಬಂದ್ ಮಾಡಿದ ಮೇಲೂ ಯಾರದೋ ಮನೆಯ ಜನರೇಟರಿನಿಂದ ಕರೆಂಟ್ ಹಿಮ್ಮುಖವಾಗಿ ತಂತಿಗೆ ಬರಬಹುದು. ಅರ್ಥಿಂಗ್ ಇರುವುದು ಅದಕ್ಕೇ. ಸೊಂಟಕ್ಕೆ ಬೆಲ್ಟು, ಕೈಗೆ ಗವಸು. ಕೆಲಸ ಮುಗಿದ ಮೇಲೆ ಹತ್ತಿದವರೆಲ್ಲ ಇಳಿದರೇ ಎಂದು ಎಣಿಸಿ, ಅರ್ಥಿಂಗ್ ಬಿಚ್ಚಿ, ಎಲ್‌ಸಿ ವಾಪಸ್ ಕೊಡಬೇಕು.

ಇದಿಷ್ಟು ವಿಧಾನ ಎಲ್ಲರಿಗೂ ಗೊತ್ತು, ತರಬೇತಿಯಲ್ಲಿ ಹೇಳಿಯೂ ಇರುತ್ತಾರೆ. ಹಾಗಿದ್ದೂ ಪ್ರತಿ ಮಳೆಗಾಲದಲ್ಲಿ ಲೈನ್ ಮೇಲೆ ಸತ್ತವರ ಸುದ್ದಿ ಬರುತ್ತದಲ್ಲ, ಅಲ್ಲಿಂದ ಮುಂದೆ ಕೆಲಸ ಮಾಡುವುದು ತಿಳಿವಳಿಕೆಯಲ್ಲದ ಇನ್ನೊಂದು ಗುಣ. ಕಂಬದ ಬುಡದಲ್ಲಿ ಜನ ಸೇರಿರುತ್ತಾರೆ. "ಸಂಜೆಯಿಂದ ಕತ್ತಲಲ್ಲಿದೀವಿ, ಬೇಗ ಹತ್ತಪ್ಪ" ಎನ್ನುತ್ತಾರೆ. ಮೇಲಧಿಕಾರಿಯ ಫೋನ್ ಎರಡು ಸಲ ಬಂದಾಗಿರುತ್ತದೆ. "ಎಲ್‌ಸಿ ಬರ್ಲಿ ಗೌಡ್ರೆ, ಆಮೇಲೆ ಹತ್ತೋದು" ಎಂದು ಸಿಟ್ಟಾಗದೆ, ಬಗ್ಗದೆ ಹೇಳಿ ನಿಲ್ಲುವವನು ಒಬ್ಬ. ಐದು ನಿಮಿಷದ ಕೆಲಸ ಎಂದು ಹತ್ತಿಬಿಡುವವನು ಇನ್ನೊಬ್ಬ. ಇಬ್ಬರೂ ಎಂಟು ಮೀಟರ್ ಕಂಬವನ್ನು ಸಲೀಸಾಗಿ ಹತ್ತಿದವರೇ, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದವರೇ. ನನ್ನ ಅನಿಸಿಕೆ, ಆತುರದ ಜನರ ನಡುವೆ 'ಇಲ್ಲ' ಎನ್ನಬಲ್ಲ ಶಕ್ತಿಯೇ ಈ ಕೆಲಸದ ನಡುಗಂಬ. ನೇಮಕಾತಿಯ ಯಾವ ಸುತ್ತೂ ಅದನ್ನು ನೋಡುವುದಿಲ್ಲ.

ನೇಮಕಾತಿಯಲ್ಲಿ ನೋಡದಿದ್ದರೆ ತರಬೇತಿಯಲ್ಲಿ ಬೆಳೆಸಬಹುದಲ್ಲ ಎನ್ನಬಹುದು. ಬೆಳೆಸಬಹುದು, ಹೌದು. ಹಾಗೆ ಬೆಳೆಸುವ ತರಬೇತಿ ಪವರ್‌ಪಾಯಿಂಟ್ ಪಾಠವಾಗಿರಲಾರದು. ಒಬ್ಬ ಎಲ್‌ಸಿ ಕೇಳುವವನಾಗಿ, ಇನ್ನೊಬ್ಬ ಆಪರೇಟರ್ ಆಗಿ, ನಾಲ್ವರು ಗದರುವ ಊರಿನವರಾಗಿ ಆಡಿ ನೋಡಬೇಕು. ಎಡವಿದವನಿಗೆ ಮತ್ತೆ ಆಡಿಸಬೇಕು. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ಒಪ್ಪಿದ ಮಿಷನ್ ಕರ್ಮಯೋಗಿ ಎಂಬ ನೌಕರರ ತರಬೇತಿ ಯೋಜನೆಯ ಮಾತೂ ಇದೇ ದಿಕ್ಕಿನದು: ನಿಯಮ ಹಿಡಿದು ನಡೆಯುವ ಆಡಳಿತದಿಂದ ಪಾತ್ರ ಹಿಡಿದು ನಡೆಯುವ ಆಡಳಿತಕ್ಕೆ ಹೋಗಬೇಕು, ಪ್ರತಿ ಹುದ್ದೆಯ ಪಾತ್ರ, ಚಟುವಟಿಕೆ, ಅದಕ್ಕೆ ಬೇಕಾದ ಸಾಮರ್ಥ್ಯಗಳನ್ನು ಬರೆದಿಡಬೇಕು, ಅದರಂತೆ ಕಲಿಸಬೇಕು. ಯೋಚನೆ ಸರಿಯಾಗಿದೆ. ಆದರೆ ಆನ್‌ಲೈನ್ ಕೋರ್ಸು ಬಂದ ಕೂಡಲೇ ಎಷ್ಟು ತಾಸು ಕಲಿತರು, ಎಷ್ಟು ಪ್ರಮಾಣಪತ್ರ ಇಳಿಸಿಕೊಂಡರು ಎಂಬ ಲೆಕ್ಕ ಶುರುವಾಗುತ್ತದೆ. ಎಣಿಸಲು ಸುಲಭವಾದದ್ದು ಎಣಿಕೆಗೆ ಬರುತ್ತದೆ. ವಿಡಿಯೊ ಓಡಲು ಬಿಟ್ಟು ಚಹಾಕ್ಕೆ ಹೋದವರನ್ನು ಸರ್ವರ್ ಕಂಡುಹಿಡಿಯದು.

ಕೆಲಸಕ್ಕೆ ಸೇರಿದವರನ್ನು ಅಳೆಯುವ ವಿಷಯಕ್ಕೆ ಬಂದರೆ ಸ್ಥಿತಿ ಇನ್ನೂ ವಿಚಿತ್ರ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಜಾನ್ ಫ್ಲಾನಗನ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ವಾಯುಪಡೆಗೆ ಕೆಲಸ ಮಾಡುತ್ತಿದ್ದರು. 1941ರಲ್ಲಿ ವಿಮಾನ ತರಬೇತಿಯಿಂದ ಹೊರಹಾಕಿದ ಸಾವಿರ ಅಭ್ಯರ್ಥಿಗಳ ವರದಿಗಳನ್ನು ಅವರ ತಂಡ ತೆರೆದು ನೋಡಿದಾಗ, ಹಾರುವ ಸಹಜ ಶಕ್ತಿ ಇಲ್ಲ, ವಿವೇಚನೆ ಸಾಲದು ಎಂಬಂಥ ಸವಕಲು ಮಾತುಗಳೇ ಹೆಚ್ಚು. ಯಾವ ದಿನ, ಯಾವ ಹಾರಾಟದಲ್ಲಿ ಏನು ಮಾಡಿದ ಎಂಬುದಿಲ್ಲ. ಅಲ್ಲಿಂದ ಹುಟ್ಟಿದ್ದೇ ನಿರ್ದಿಷ್ಟ ಘಟನೆಗಳನ್ನು ಬರೆದಿಡುವ ಪದ್ಧತಿ. 1954ರಲ್ಲಿ ಫ್ಲಾನಗನ್ ಅದನ್ನು ವಿವರವಾಗಿ ಪ್ರಕಟಿಸಿದರು. ನಮ್ಮ ಸರ್ಕಾರಿ ನೌಕರರ ಸಿ.ಆರ್., ಅಂದರೆ ಮೇಲಧಿಕಾರಿ ಬರೆಯುವ ಗೋಪ್ಯ ವರದಿ, ನೋಡಿದವರಿಗೆ ಆ ಸಾವಿರ ವರದಿಗಳು ಪರಿಚಿತವೆನಿಸಬೇಕು. 'ಉತ್ತಮ', 'ಅತ್ಯುತ್ತಮ', 'ನಿಷ್ಠಾವಂತ', ಮುಂದೆ ಸಹಿ.

ಗಡಿ ರಸ್ತೆಗಳ ಇಲಾಖೆಯ ಎಂಜಿನಿಯರ್ ದೇವ್ ದತ್ ಅವರಿಗೆ ಇಂಥ ಒಂದು ಪದ ಬಡ್ತಿಯನ್ನೇ ತಪ್ಪಿಸಿತು. ಬಡ್ತಿಗೆ ಐದು ವರ್ಷವೂ 'ತುಂಬಾ ಉತ್ತಮ' ಬೇಕಿತ್ತು; ಒಂದು ವರ್ಷ ಬರೀ 'ಉತ್ತಮ' ಎಂದು ಬರೆದಿದ್ದರು. ಬೈದಿದ್ದಲ್ಲವಲ್ಲ, ಹೊಗಳಿದ್ದೇ, ಹಾಗಾಗಿ ತಿಳಿಸುವ ಅಗತ್ಯ ಕಂಡಿರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಬೇಕೆಂದು ತೀರ್ಪು ಕೊಟ್ಟಿತು. ತಿಳಿಸುವುದೇನೋ ಈಗ ಆದೀತು. 'ಉತ್ತಮ'ಕ್ಕೂ 'ತುಂಬಾ ಉತ್ತಮ'ಕ್ಕೂ ನಡುವೆ ಇರುವ ಕೆಲಸ ಯಾವುದು ಎಂಬುದಕ್ಕೆ ಮಾತ್ರ ಘಟನೆಗಳ ದಾಖಲೆ ಬೇಕು, ಅದನ್ನು ಬರೆಯುವ ತಾಳ್ಮೆ ಮೇಲಧಿಕಾರಿಗೆ ಬೇಕು.

ಖಾಸಗಿ ಕಂಪನಿಗಳು ಇದರಲ್ಲಿ ಮುಂದಿವೆ ಎಂದು ನಂಬುವವರಿದ್ದಾರೆ. ನನಗೆ ಅನುಮಾನ. ಬೆಂಗಳೂರಿನ ಎಷ್ಟೋ ಕಚೇರಿಗಳ ಗೋಡೆಯ ಮೇಲೆ ಸಾಮರ್ಥ್ಯಗಳ ಪಟ್ಟಿ ತೂಗುತ್ತದೆ: ಮುಂದಾಳತ್ವ, ತಂಡಸ್ಫೂರ್ತಿ, ಗ್ರಾಹಕನೇ ದೇವರು. ಎಲ್ಲ ಕಂಪನಿಯ ಪಟ್ಟಿಯೂ ಒಂದೇ, ಸೆಕ್ಯುರಿಟಿಯವರಿಂದ ಹಿಡಿದು ಉಪಾಧ್ಯಕ್ಷರ ತನಕ ಒಂದೇ. ಯಾರ ಹಿಂದೆಯೂ ತಿರುಗಿ ನೋಡದೆ ಬರೆದ ಪಟ್ಟಿ ಅದು.

ಮ್ಯಾಕ್‌ಕ್ಲೆಲೆಂಡ್ ಹೇಳಿದ್ದೆಲ್ಲ ಸರಿ ಎಂದೂ ಅಲ್ಲ. ಬುದ್ಧಿಮತ್ತೆಯ ಪರೀಕ್ಷೆಯನ್ನು ಅವರು ತೀರಾ ಹೀಗಳೆದರೆಂದು 1991ರಲ್ಲಿ ಬ್ಯಾರೆಟ್ ಮತ್ತು ಡೆಪಿನೆಟ್ ಪುರಾವೆಗಳೊಂದಿಗೆ ವಾದಿಸಿದರು. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, ಯಾವ ವಿಧಾನ ಮುಂದಿನ ಕೆಲಸವನ್ನು ಎಷ್ಟು ಸರಿಯಾಗಿ ಮುಂಗಾಣುತ್ತದೆಂದು ಅಂಕಿ ಕೊಟ್ಟರು. ಪೂರ್ತಿ ಹೊಂದಿಕೆಗೆ 1 ಎಂದಿಟ್ಟುಕೊಂಡರೆ, ಕೆಲಸದ ತುಣುಕನ್ನೇ ಮಾಡಿಸಿ ನೋಡುವುದಕ್ಕೆ 0.54, ಬುದ್ಧಿಮತ್ತೆಗೆ 0.51, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಮೊದಲೇ ಬರೆದಿಟ್ಟ ಅಳತೆಯಿಂದ ಅಂಕ ಕೊಡುವ ಸಂದರ್ಶನಕ್ಕೆ 0.51, ಮನಸ್ಸಿಗೆ ಬಂದದ್ದು ಕೇಳುವ ಸಂದರ್ಶನಕ್ಕೆ 0.38. ಎಷ್ಟು ವರ್ಷ ಓದಿದ ಎಂಬುದಕ್ಕೆ ಬರೀ 0.10. ಆ ಲೆಕ್ಕದಲ್ಲಿ ಉಬ್ಬರವಿದೆಯೆಂದು 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ತಿದ್ದಿದಾಗ ಬಹುತೇಕ ಅಂಕಿಗಳು ಕೆಳಗಿಳಿದವು, ಬುದ್ಧಿಮತ್ತೆ 0.31ಕ್ಕೆ ಬಂತು, ಅಳತೆ ಬಿಗಿದ ಸಂದರ್ಶನ 0.42ರೊಂದಿಗೆ ಮೇಲೆ ನಿಂತಿತು.

ಸಂದರ್ಶನ ಎಂದ ಕೂಡಲೇ ನಮ್ಮ ಜನ ಹುಬ್ಬೇರಿಸುವುದು ಸಹಜ. ಶಿಫಾರಸು ಪತ್ರ, ಜಾತಿ, 'ನಮ್ಮ ಕಡೆಯವನು', ಲಕೋಟೆ, ಎಲ್ಲ ನುಸುಳುವುದು ಆ ಬಾಗಿಲಿನಿಂದಲೇ. ಕೇಂದ್ರ ಸರ್ಕಾರ 2016ರ ಜನವರಿಯಿಂದ ಕೆಳ ಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿದ್ದು ಈ ಅನುಭವದಿಂದ. ಬಡವರ ಮನೆಯ ಹುಡುಗಿಗೆ ಅಂಕಪಟ್ಟಿ ಕುರುಡಾಗಿರಬಹುದು, ಆದರೆ ಅದು ಅವಳ ಅಪ್ಪನ ಹೆಸರು ಕೇಳುವುದಿಲ್ಲ. ಅಂಕ ಇಲ್ಲಿ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಜನರ ಮೂಢತನ ಕಾರಣವಲ್ಲ, ಅಳೆಯುವ ಮನುಷ್ಯನ ಮೇಲಿನ ಅಪನಂಬಿಕೆ ಕಾರಣ. ಸಾಮರ್ಥ್ಯದ ಮಾತಾಡುವ ಸಲಹೆಗಾರರು ಇದನ್ನು ಗಮನಿಸದೆ ಅಮೆರಿಕದ ಪಟ್ಟಿ ಹಿಡಿದು ಬರುತ್ತಾರೆ.

ಕಂಬ ಹತ್ತುವ ಪರೀಕ್ಷೆಗೆ ಯಾರೂ ತಕರಾರು ತೆಗೆಯದಿರುವುದು ಅದು ಎಲ್ಲರ ಕಣ್ಣೆದುರು ನಡೆಯುವುದರಿಂದ. ಸಾರಿಗೆ ನಿಗಮಗಳು ಚಾಲಕರ ಆಯ್ಕೆಗೆ ತಂದ ಗಣಕೀಕೃತ ಚಾಲನಾ ಪಥಕ್ಕೂ ಇದೇ ಬಲ. ಬಸ್ಸು ಗೆರೆ ದಾಟಿದರೆ ದಾಟಿತು, ಅದರಲ್ಲಿ ಶಿಫಾರಸಿಗೆ ಜಾಗವಿಲ್ಲ. 'ಇಲ್ಲ' ಎನ್ನುವ ಶಕ್ತಿಯನ್ನೂ ಹೀಗೆ ಬಯಲಲ್ಲಿಡಲು ಸಾಧ್ಯ. ಕಂಬದ ಬುಡದಲ್ಲೇ ಅಭ್ಯರ್ಥಿಯ ಕೈಗೆ ಒಂದು ಫೋನ್ ಕೊಡಿ. ಆಚೆ ಬದಿಯ ಆಪರೇಟರ್ ಬೇಕೆಂದೇ ಬೇರೆ ಫೀಡರಿನ ಹೆಸರು ಹೇಳಲಿ, ಪಕ್ಕದಲ್ಲಿ ಇಬ್ಬರು ಅವಸರ ಮಾಡಲಿ. ಹೆಸರು ತಿರುಗಿ ಕೇಳಿದನೇ, ಅರ್ಥಿಂಗ್ ಇಲ್ಲದೆ ಬೆಲ್ಟಿಗೆ ಕೈ ಹಾಕಿದನೇ, ಅವಸರದವರಿಗೆ ಏನು ಹೇಳಿದ: ಒಂದೊಂದಕ್ಕೂ ಎಷ್ಟು ಅಂಕ ಎಂದು ಅಧಿಸೂಚನೆಯಲ್ಲೇ ಅಚ್ಚಾಗಲಿ, ಇಡೀ ಪರೀಕ್ಷೆ ಕ್ಯಾಮೆರಾದಲ್ಲಿ ದಾಖಲಾಗಲಿ. ಎಸ್ಸೆಸ್ಸೆಲ್ಸಿ ಅರ್ಹತೆಗೆ ಇರಲಿ, ಸರದಿ ತೀರ್ಮಾನಕ್ಕೆ ಬೇಡ. ಆ ಅಂಕಗಳ ಪಟ್ಟಿ ಬರೆಯಲು ಸಲಹಾ ಸಂಸ್ಥೆಗೆ ಹಣ ಸುರಿಯಬೇಕಿಲ್ಲ. ಮೂವತ್ತು ಮಳೆಗಾಲ ಲೈನ್ ಮೇಲೆ ಕೆಲಸ ಮಾಡಿ, ಎರಡೂ ಕೈ ನೆಟ್ಟಗಿಟ್ಟುಕೊಂಡು ನಿವೃತ್ತರಾದವರು ಪ್ರತಿ ಉಪವಿಭಾಗದಲ್ಲೂ ಇದ್ದಾರೆ. ಗೆದ್ದ ಮೂರು ರಾತ್ರಿ, ಸೋತ ಮೂರು ರಾತ್ರಿ ಹೇಳಿ ಎಂದು ಅವರನ್ನು ಕೇಳಿದರೆ ಪಟ್ಟಿಯ ಅರ್ಧ ಒಂದೇ ಮಧ್ಯಾಹ್ನಕ್ಕೆ ಸಿದ್ಧವಾಗುತ್ತದೆ.