ಹಾಡಿದವನಿಲ್ಲದೆ ಮುಗಿದ ಹಾಡು

ಕುಮಾರವ್ಯಾಸನು ಭಾರತದ ಹದಿನೆಂಟು ಪರ್ವಗಳಲ್ಲಿ ಹತ್ತನ್ನು ಮಾತ್ರ ಕನ್ನಡಿಸಿದನು. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದನು. ಬಾಣಭಟ್ಟನು ಅರ್ಧಕ್ಕೆ ಬಿಟ್ಟುಹೋದ 'ಕಾದಂಬರಿ'ಯನ್ನು ಮುಗಿಸಿದವನು ಅವನ ಮಗ. ಕಾವ್ಯದಲ್ಲಿ ಇದು ಸಾಧ್ಯ. ಕವಿ ಹೋದರೂ ಓಲೆ ಉಳಿದಿರುತ್ತದೆ. ಮುಂದಿನವನು ಕಂಠವನ್ನು ಹಿಡಿದು ಬರೆಯಲಾರಂಭಿಸಬಹುದು. ಆದರೆ ಹಾಡಿನ ಗತಿಯೇನು? ಹಾಡುವವನ ಉಸಿರೇ ನಿಂತಮೇಲೆ ಅದನ್ನು ಪೂರೈಸುವ ಬಗೆ ಹೇಗೆ? ಇಂಗ್ಲೆಂಡಿನ 'ಕ್ವೀನ್' ಎಂಬ ರಾಕ್ ಸಂಗೀತದ ತಂಡದ ಕೊನೆಯ ಆಲ್ಬಂ ಈ ಪ್ರಶ್ನೆಗೆ ಒಂದು ಉತ್ತರ ಕೊಡುತ್ತದೆ.

ಈ ತಂಡ ಲಂಡನ್ನಿನಲ್ಲಿ 1970ರಲ್ಲಿ ಹುಟ್ಟಿತು. ಗಿಟಾರಿಗೆ ಬ್ರಯನ್ ಮೇ, ಡ್ರಮ್ಮಿಗೆ ರೋಜರ್ ಟೇಲರ್, ಮರುವರ್ಷ ಬಂದು ಸೇರಿದ ಬಾಸ್ ಗಿಟಾರಿನ ಜಾನ್ ಡೀಕನ್. ಮುಖ್ಯ ಗಾಯಕ ಫ್ರೆಡ್ಡಿ ಮರ್ಕ್ಯುರಿ. ಈತ ನಮಗೆ ತೀರ ಪರಕೀಯನಲ್ಲ. ಹುಟ್ಟುಹೆಸರು ಫರೂಖ್ ಬಲ್ಸಾರಾ; ಪಾರ್ಸಿ ಮನೆತನ. 1946ರಲ್ಲಿ ಜಾಂಜಿಬಾರಿನಲ್ಲಿ ಹುಟ್ಟಿ, ಶಾಲೆ ಕಲಿತದ್ದು ನಮ್ಮ ನೆರೆಯ ಮಹಾರಾಷ್ಟ್ರದ ಪಂಚಗಣಿಯಲ್ಲಿ.

ಏಡ್ಸ್ ರೋಗಕ್ಕೆ ತುತ್ತಾದ ಮರ್ಕ್ಯುರಿಗೆ ತನ್ನ ದಿನಗಳು ಎಣಿಕೆಯವೆಂದು ತಿಳಿದಿತ್ತು. 1991ರ ಆರಂಭದಲ್ಲಿ ಒಂದು ಆಲ್ಬಂ ಹೊರಬಂದಿದ್ದರೂ ಆತ ಸುಮ್ಮನಿರಲಿಲ್ಲ. ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿನ ಸ್ಟುಡಿಯೋದಲ್ಲಿ, ನೀವು ಬರೆದುಕೊಡಿ, ನಾನು ಹಾಡಿಬಿಡುತ್ತೇನೆ, ಮಿಕ್ಕದ್ದನ್ನು ಆಮೇಲೆ ನೀವೇ ಪೂರೈಸಿ ಎಂಬ ಧಾಟಿಯಲ್ಲಿ ಗೆಳೆಯರನ್ನು ಅವಸರಪಡಿಸುತ್ತಿದ್ದ. ಆ ವರ್ಷದ ನವೆಂಬರ್ 24ರಂದು, 45ನೆಯ ವಯಸ್ಸಿನಲ್ಲಿ, ತೀರಿಕೊಂಡ.

ಮಿಕ್ಕದ್ದನ್ನು ಆಮೇಲೆ ಪೂರೈಸುವುದು ಎಂದರೇನು? ನಮ್ಮ ಬಡವನಹಳ್ಳಿಯಂಥ ಊರಿನ ಭಜನೆಯಲ್ಲಿ ಹಾರ್ಮೋನಿಯಂ, ತಬಲ, ತಾಳ, ಕಂಠ ಎಲ್ಲವೂ ಒಮ್ಮೆಗೇ ಹೊಮ್ಮಬೇಕು. ತಬಲದವನು ಬಾರದಿದ್ದರೆ ಆ ದಿನ ತಬಲವಿಲ್ಲ. ಸ್ಟುಡಿಯೋದ ಅಗಲವಾದ ಟೇಪಿನಲ್ಲಿ ಹಾಗಲ್ಲ. ಅದರಲ್ಲಿ ಹೊಲದ ಸಾಲುಗಳಂತೆ ಅನೇಕ ಜಾಡುಗಳಿರುತ್ತವೆ. ಒಂದರಲ್ಲಿ ಕಂಠ, ಮತ್ತೊಂದರಲ್ಲಿ ಗಿಟಾರು, ಇನ್ನೊಂದರಲ್ಲಿ ಡ್ರಮ್ಮು. ಒಂದನ್ನು ಇಂದು ತುಂಬಿ, ಇನ್ನೊಂದನ್ನು ನಾಲ್ಕು ವರ್ಷದ ಮೇಲೂ ತುಂಬಬಹುದು. ಮೊದಲ ಜಾಡನ್ನು ಕಿವಿಗೆ ಹಾಕಿಕೊಂಡು ಅದರ ಶ್ರುತಿಲಯಗಳಿಗೆ ಹೊಂದಿಸಿ ನುಡಿಸಿದರಾಯಿತು.

ಉಳಿದ ಮೂವರು ಮಾಡಿದ್ದು ಇದನ್ನೇ. ಮರ್ಕ್ಯುರಿ ಕೊನೆಯ ತಿಂಗಳುಗಳಲ್ಲಿ ಹಾಡಿಟ್ಟ ಹಾಡುಗಳು ಮೂರುನಾಲ್ಕಕ್ಕಿಂತ ಹೆಚ್ಚಿರಲಿಲ್ಲ. ಆದ್ದರಿಂದ ಆತ 1985ರಲ್ಲಿ ಒಬ್ಬನೇ ಹೊರತಂದಿದ್ದ ಆಲ್ಬಮ್ಮಿನಿಂದ ಎರಡು ಹಾಡುಗಳ ಕಂಠವನ್ನು ಮಾತ್ರ ಬೇರ್ಪಡಿಸಿ, ಅದರ ಸುತ್ತ ತಮ್ಮ ವಾದ್ಯಗಳನ್ನು ಹೊಸದಾಗಿ ನುಡಿಸಿದರು. ಹೀಗೆ ಸಿದ್ಧವಾದ 'ಮೇಡ್ ಇನ್ ಹೆವನ್' 1995ರ ನವೆಂಬರಿನಲ್ಲಿ ಹೊರಬಂದಿತು. ನಾಲ್ವರ ಹೆಸರೂ ಕೂಡಿದ ಕೊನೆಯ ಸ್ಟುಡಿಯೋ ಆಲ್ಬಂ ಇದು. ಮರ್ಕ್ಯುರಿಯ ಅಮರ ಚೇತನಕ್ಕೆ ಅದನ್ನು ಅರ್ಪಿಸಿದ್ದಾರೆ.

ಇದರಲ್ಲಿ 'ಮದರ್ ಲವ್' ಎಂಬ ಹಾಡಿದೆ. ಮರ್ಕ್ಯುರಿ 1991ರ ಮೇ ತಿಂಗಳಲ್ಲಿ ಅದನ್ನು ಹಾಡುತ್ತ, ಕೊನೆಯ ಚರಣಕ್ಕೆ ಬಂದಾಗ ದಣಿದು, ಆಮೇಲೆ ಮುಗಿಸುವೆನೆಂದು ಎದ್ದುಹೋದ. ಮುಗಿಸಲು ಮತ್ತೆ ಬರಲಿಲ್ಲ. ಆ ಚರಣವನ್ನು ಬ್ರಯನ್ ಮೇ ತನ್ನದೇ ದನಿಯಲ್ಲಿ ಹಾಡಿದ್ದಾನೆ. ಗೆಳೆಯನ ದನಿಯನ್ನು ಅಣಕಿಸಲು ಹೋಗಿಲ್ಲ.

ಇಂದು ಸತ್ತವರ ದನಿಯನ್ನು ಯಂತ್ರವೇ ಅನುಕರಿಸಬಲ್ಲದು. ಬೆಸುಗೆ ಕಾಣದಂತೆ ಹಾಡನ್ನು ಮುಗಿಸಿಬಿಡಬಹುದು. ಆದರೆ ತಿಮ್ಮಣ್ಣ ಕವಿ ಕುಮಾರವ್ಯಾಸನ ಹೆಸರಿನಲ್ಲಿ ಅಡಗಿಕೊಳ್ಳಲಿಲ್ಲ. ಎಲ್ಲಿಯವರೆಗೆ ಅವನದು, ಎಲ್ಲಿಂದ ಇವನದು ಎಂಬುದು ಓದುಗರಿಗೆ ತಿಳಿದೇ ಇದೆ. ಅಗಲಿದವನ ಸಮ್ಮತಿ ಒಂದು, ಪೂರೈಸುವವನ ಪ್ರಾಮಾಣಿಕತೆ ಇನ್ನೊಂದು. ಇವೆರಡೂ ಇದ್ದಲ್ಲಿ ಅಂಥ ಕೆಲಸಕ್ಕೆ ದೋಷವಿಲ್ಲ. ಈ ಹಾಡು ಎಂದಾದರೂ ನಿಮ್ಮ ರೇಡಿಯೋದಲ್ಲಿ ಕೇಳಿಬಂದರೆ, ಕೊನೆಯ ಚರಣದಲ್ಲಿ ದನಿ ಬದಲಾಗುವ ಕ್ಷಣಕ್ಕೆ ಕಿವಿಗೊಡಿ.