ಬರಹದ ಕಡತವನ್ನು ಅಂಕಣಗಳಾಗಿ ಕತ್ತರಿಸುವ ವಿಧಾನ

ಶಾಲೆಯ ಹಾಜರಿ ಪುಸ್ತಕವನ್ನು ಕಂಡಿರುವ ವಿದ್ಯಾರ್ಥಿನಿಯರಿಗೆ ಅಂಕಣವೆಂದರೇನೆಂಬುದನ್ನು ವಿವರಿಸಬೇಕಾದುದಿಲ್ಲ. ಮೇಲಿನಿಂದ ಕೆಳಕ್ಕೆ ಗೀಟೆಳೆದು ಹೆಸರಿಗೊಂದು, ದಿನಕ್ಕೊಂದು ಎಡೆಯನ್ನು ಬೇರ್ಪಡಿಸಿದರೆ ಅಂಕಣಗಳಾದವು. ಗಣಕಯಂತ್ರದ ಬರಿಯ ಬರಹದ ಕಡತದಲ್ಲಾದರೋ ಇಂಥ ಗೀಟುಗಳಿರುವುದಿಲ್ಲ. ಒಂದು ಅಂಕಣ ಮುಗಿದು ಇನ್ನೊಂದು ತೊಡಗಿತೆಂದು ಯಂತ್ರವು ತಿಳಿಯುವುದು ನಡುವೆ ಇಟ್ಟಿರುವ ಒಂದು ಚಿಹ್ನೆಯಿಂದಲೇ. ಅದು ಅಲ್ಪವಿರಾಮವಾಗಬಹುದು, ತೆರಪಾಗಬಹುದು, ಇಲ್ಲವೆ ಟ್ಯಾಬ್ ಎಂಬ ಕೀಲಿಯ ಗುರುತಾಗಬಹುದು. ಇದನ್ನು ವಿಭಾಜಕವೆಂದು ಕರೆಯೋಣ.

ಯೂನಿಕ್ಸ್ ಮತ್ತು ಲಿನಕ್ಸ್ ಗಣಕಗಳಲ್ಲಿ ಆಜ್ಞೆಯನ್ನು ಬೆರಳಚ್ಚಿಸಿ ಕೆಲಸ ಮಾಡಿಸುವ ಪದ್ಧತಿಯುಂಟು. ಅವುಗಳಲ್ಲಿ 'ಕಟ್' ಎಂಬ ಚಿಕ್ಕ ಸಾಧನವು ಹೆಸರಿಗೆ ತಕ್ಕಂತೆ ಕತ್ತರಿಯೇ ಸರಿ. 'ಡಿ' ಎಂಬ ಗುರುತಿನಿಂದ ವಿಭಾಜಕವನ್ನೂ 'ಎಫ್' ಎಂಬ ಗುರುತಿನಿಂದ ಅಂಕಣದ ಸಂಖ್ಯೆಯನ್ನೂ ತಿಳಿಸಿದರೆ, ಪ್ರತಿಯೊಂದು ಸಾಲಿನಿಂದ ಆ ಅಂಕಣವನ್ನಷ್ಟೇ ತೆಗೆದುಕೊಡುತ್ತದೆ. ವಿಭಾಜಕವನ್ನು ಹೇಳದಿದ್ದರೆ ಟ್ಯಾಬ್ ಎಂದೇ ಎಣಿಸುತ್ತದೆ.

ಅಕ್ಷರಗಳನ್ನೆಣಿಸಿ ಕತ್ತರಿಸುವ ಕ್ರಮವೂ ಅದರಲ್ಲಿದೆ. ಆದರೆ ಕನ್ನಡಿಗರು ಅದನ್ನು ಮುಟ್ಟದಿರುವುದು ಲೇಸು. 'ಕೊಲ್ಲಮೊಗ್ರು' ಎಂಬ ನಮ್ಮೂರ ಹೆಸರು ಓದುವವರ ಕಣ್ಣಿಗೆ ನಾಲ್ಕೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಾದರೆ ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆಗಳು ಸೇರಿ 11 ಸಂಕೇತಗಳು. ಯುಟಿಎಫ್-8 ಎಂಬ ರೀತಿಯಲ್ಲಿ ಕೂಡಿಡುವಾಗ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟುಗಳು ಬೇಕಾಗುವುದರಿಂದ ಒಟ್ಟು 33 ಬೈಟುಗಳಾಗುತ್ತವೆ. ಬಹುಕಾಲದಿಂದ ಬಳಕೆಯಲ್ಲಿರುವ ಗ್ನೂ ಕಟ್‌ನ ಅನೇಕ ಆವೃತ್ತಿಗಳು ಅಕ್ಷರವೆಂದು ಕೇಳಿದರೂ ಬೈಟನ್ನೇ ಎಣಿಸುತ್ತವೆ. ಮೊದಲ ಹತ್ತನ್ನು ಕೊಡೆಂದರೆ 'ಕೊಲ' ಎಂಬುದೂ ಅದರ ಬೆನ್ನಿಗೆ ಓದಲಾಗದ ಒಂದು ಚೂರೂ ದೊರೆಯುವುವು. ಇಂಗ್ಲಿಷಿನವರಿಗೆ ಈ ಪೇಚಿಲ್ಲ. ಅವರ ಒಂದು ಅಕ್ಷರಕ್ಕೆ ಒಂದೇ ಬೈಟು ಸಾಕು.

ಆದುದರಿಂದ ವಿಭಾಜಕವನ್ನು ನಂಬುವುದೇ ದಾರಿ. ಆದರೆ ಅದನ್ನು ಆರಿಸುವುದರಲ್ಲಿಯೂ ಎಚ್ಚರ ಬೇಕು. ನಮ್ಮ ಭಾಗದ ಮಳೆಯ ಲೆಕ್ಕವನ್ನು ತೆರಪು ಬಿಟ್ಟು ಹೀಗೆ ಬರೆದಿದೆಯೆಂದು ಭಾವಿಸಿರಿ (ಅಂಕೆಗಳು ಕಲ್ಪಿತ):

ಸೋಮವಾರ ಕೊಲ್ಲಮೊಗ್ರು 80
ಸೋಮವಾರ ಕಲ್ಮಕಾರು 95
ಸೋಮವಾರ ಹರಿಹರ ಪಳ್ಳತ್ತಡ್ಕ 110

ಮೂರನೆಯ ಅಂಕಣವನ್ನು ಕೂಡಿಸಲು 'ಆಕ್' ಎಂಬ ಸಾಧನಕ್ಕೆ ಹೇಳಿದೆವೆನ್ನಿ. ಇದು 1977ರಲ್ಲಿ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದುದು. ಏಹೋ, ವೈನ್‌ಬರ್ಗರ್, ಕರ್ನಿಘನ್ ಎಂಬ ಮೂವರ ಹೆಸರುಗಳ ಮೊದಲಕ್ಷರಗಳೇ ಅದರ ಹೆಸರು. ಅದು ತೆರಪು ಕಂಡಲ್ಲೆಲ್ಲ ಅಂಕಣವನ್ನು ಮುರಿಯುತ್ತದೆ. ಕಡೆಯ ಸಾಲಿನಲ್ಲಿ ಊರ ಹೆಸರೇ ಎರಡಾಗಿ ಒಡೆದು, ಮೂರನೆಯ ಅಂಕಣದಲ್ಲಿ 'ಪಳ್ಳತ್ತಡ್ಕ' ಬಂದು ಕೂರುತ್ತದೆ. ಅಂಕೆಯಲ್ಲದ ಮಾತನ್ನು ಆಕ್ ಸೊನ್ನೆಯೆಂದು ತಿಳಿದು, 285 ಮಿಲಿಮೀಟರು ಎನ್ನಬೇಕಾದಲ್ಲಿ 175 ಎಂದು ಹೇಳಿ ಸುಮ್ಮನಾಗುತ್ತದೆ. ತಪ್ಪಾಯಿತೆಂಬ ಎಚ್ಚರಿಕೆ ಒಂದೂ ಇಲ್ಲ! 2022ರ ಆಗಸ್ಟ್ ತಿಂಗಳ ಮೊದಲಲ್ಲಿ ಮಹಾಮಳೆ ಸುರಿದು ನೆರೆ ಬಂದುದು ಇದೇ ಊರುಗಳಲ್ಲಿ. ಹೆಚ್ಚು ನೀರು ಕಂಡ ಊರೇ ಲೆಕ್ಕದಿಂದ ಜಾರಿಹೋದರೆ ಆ ಪಟ್ಟಿಯಿಂದ ಯಾರಿಗೆ ಏನುಪಯೋಗ? ಅಂಕೆಯನ್ನು ೧೧೦ ಎಂದು ಕನ್ನಡದಲ್ಲಿ ಬರೆದರೂ ಫಲ ಇಷ್ಟೇ. ಆಕ್ ಅದನ್ನು ಸಂಖ್ಯೆಯೆಂದು ಗುರುತಿಸದು.

ಅಲ್ಪವಿರಾಮವನ್ನಿಟ್ಟರೆ ಆದೀತೇ? ಈ ಮೂರು ಸಾಲುಗಳಿಗೆ ಆದೀತು. ಯಾರಾದರೂ 'ಕಲ್ಮಕಾರು, ಸುಳ್ಯ' ಎಂದು ಬರೆದ ದಿನ ಪುನಃ ಅದೇ ಗತಿ. ಉದ್ಧರಣ ಚಿಹ್ನೆಯೊಳಗೆ ಬರೆದರೂ ಕಟ್ ಅದನ್ನು ಮನ್ನಿಸುವುದಿಲ್ಲ. ಊರ ಹೆಸರುಗಳಲ್ಲಿಯೂ ಹೆಣ್ಣುಮಕ್ಕಳ ಹೆಸರುಗಳಲ್ಲಿಯೂ ಎಂದೂ ಬಾರದ ಗುರುತೆಂದರೆ ಟ್ಯಾಬ್. ಆದುದರಿಂದ ಪಟ್ಟಿ ಬರೆಯುವವರು ಮೊದಲಿನಿಂದಲೇ ಅದನ್ನು ಬಳಸಬೇಕೆಂದು ನನ್ನ ಅಭಿಪ್ರಾಯ. ಆಗ ಆಕ್‌ಗೂ 'ಎಫ್' ಎಂಬ ದೊಡ್ಡಕ್ಷರದ ಗುರುತಿನಿಂದ ಟ್ಯಾಬೇ ವಿಭಾಜಕವೆಂದು ತಿಳಿಸತಕ್ಕದ್ದು.

ಪರರು ಬರೆದ ಕಡತ ಕೈಗೆ ಬಂದಾಗ ಕೂಡಿಸುವ ಮೊದಲು 'ಎನ್‌ಎಫ್' ಎಂಬುದನ್ನು ಅಚ್ಚಿಸುವಂತೆ ಆಕ್‌ಗೆ ಹೇಳಿರಿ. ಪ್ರತಿಯೊಂದು ಸಾಲಿನಲ್ಲಿ ಎಷ್ಟು ಅಂಕಣಗಳಿವೆಯೆಂದು ಅದು ತೋರಿಸುವುದು. ಮೇಲಿನ ಪಟ್ಟಿಗೆ 3, 3, 4 ಎಂದು ಬರುತ್ತದೆ. ಆ ನಾಲ್ಕನ್ನು ಕಂಡೊಡನೆ ಸಾಲನ್ನು ತೆರೆದು ನೋಡಿ ತಿದ್ದಬಹುದು.

ಅಂಕಣಗಳ ಸ್ಥಾನವನ್ನು ಅದಲುಬದಲು ಮಾಡಬೇಕಾದರೂ ಆಕ್ ಬೇಕು. 3, 1 ಎಂದು ಕೇಳಿದರೂ ಕಟ್ ಮೂಲದ ಕ್ರಮದಲ್ಲಿ 1, 3 ಎಂದೇ ಕೊಡುವುದು.